ಕ್ಯಾಸೆಟ್ಟಿನ ಎರಡನೇ ಮಗ್ಗಲು

ಸೌದಿಯಿಂದ ಶಾಬುದ್ದೀನನ ಕಾಗದ ಬಂದರೆ ಬ್ಯಾಡಗಿಯ ಆ ಓಣಿಯಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವನ ತಾಯಿ ಬಿಸ್ಮಿಲ್ಲಾಬಿಗಲ್ಲ, ಹೆಂಡತಿ ಅಮೀರಬಿಗೂ ಅಲ್ಲ. ಎದುರು ಮನೆಯ ಸುಗರಾಬಿಗೆ. ಅಂಚೆಯವನು ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ಒಂದು ಕಾಲು ನೆಲಕ್ಕೂರಿ, ಅಂಚಿಗೆ ಕೆಂಪು ನೀಲಿ ಗೆರೆಯಿದ್ದ ತೆಳ್ಳನೆಯ ಲಕೋಟೆಯನ್ನು ನೇರ ಅವಳ ಕೈಗೆ ಕೊಟ್ಟು ಹೋಗುತ್ತಿದ್ದ. ಹೇಗೂ ಓದುವವಳು ಅವಳೇ, ಉತ್ತರ ಬರೆಯುವವಳೂ ಅವಳೇ.

ಸುಗರಾಬಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಈಗ ಹತ್ತೊಂಬತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ತಾಯಿ ಹುಸೇನಬಿಯ ಜೊತೆ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ರಾಣೆಬೆನ್ನೂರಿನ ಬಟ್ಟೆಯಂಗಡಿಯೊಂದಕ್ಕೆ ಲಂಗ ಹೊಲಿದು ಕೊಡುತ್ತಿದ್ದಳು. ಮಾತು ಬಹಳ ಕಡಿಮೆ. ಹತ್ತು ಮಂದಿ ಹೆಂಗಸರು ಕೂತಲ್ಲಿ ಅವಳೂ ಇದ್ದಾಳೆ ಎನ್ನುವುದೇ ಮರೆತುಹೋಗುತ್ತಿತ್ತು. ಹಾಗೆ ಮರೆತವರು ಆಡುವ ಮಾತು, ಮುಚ್ಚಿಡುವ ಮುಖ, ಯಾರ ಕೈಬಳೆ ಯಾವಾಗ ಕಡಿಮೆಯಾಯಿತು ಎಲ್ಲವನ್ನೂ ಅವಳು ನೋಡಿಟ್ಟುಕೊಳ್ಳುತ್ತಿದ್ದಳು.

ಓಣಿಯ ಕಾಗದ ಓದುವ ಕೆಲಸ ಅವಳಿಗೆ ತಂದೆಯಿಂದ ಬಂದದ್ದು. ತೀರಿಹೋದ ದಾದಾಸಾಬ ಯಾರ ಮನೆಯ ಕಾಗದ ಓದಿದರೂ, ಓದಿ ಮುಗಿದ ಮೇಲೆ ಆ ಮನೆಯಲ್ಲೇ ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದ. ಓದಿದ್ದೆಲ್ಲ ನೀರಿನ ಜೊತೆ ಹೊಟ್ಟೆಗಿಳಿಯಿತು, ಇನ್ನು ಅದು ಬಾಯಿಗೆ ಬರುವುದಿಲ್ಲ ಅಂತ ಅದರ ಅರ್ಥ. ಕೇಳದಿದ್ದರೆ ಮನೆಯವರೇ ಲೋಟ ತಂದು ಮುಂದಿಡುತ್ತಿದ್ದರು. ಸುಗರಾಬಿಯೂ ಹಾಗೇ ನಡೆದುಕೊಂಡು ಬಂದಿದ್ದಳು. ಯಾರದೋ ಗಂಡ ಊಟಕ್ಕಿಲ್ಲದೆ ಅತ್ತದ್ದು, ಯಾರದೋ ಮಗ ಮುಂಬಯಿಯಲ್ಲಿ ಇನ್ನೊಂದು ಮನೆ ಮಾಡಿದ್ದು, ಎಲ್ಲ ಅವಳ ಹೊಟ್ಟೆಯಲ್ಲಿತ್ತು. ಕಾಗದ ಬರೆದುಕೊಟ್ಟರೆ ಮಾತ್ರ ತಂದೆಯಂತೆಯೇ ಕೊನೆಗೆ ಒಂದು ಸಾಲು ತನ್ನದೆಂದು ಸೇರಿಸುತ್ತಿದ್ದಳು: ‘ಇದನ್ನು ಬರೆದವಳು ಸುಗರಾಬಿ. ನಿಮಗೆ ನನ್ನ ಸಲಾಮು.’ ತನ್ನ ಹೆಸರು ಹಡಗು, ವಿಮಾನ ಹತ್ತಿ ಹೋಗುವುದು ಆ ಒಂದು ಸಾಲಿನಲ್ಲಿ.

ಶಾಬುದ್ದೀನ ಹೋಗಿ ಎಂಟು ತಿಂಗಳಾಗಿದ್ದಾಗಿನ ಮಾತು. ಅಮೀರಬಿ ಹಿತ್ತಲ ಬಾಗಿಲಲ್ಲಿ ಕೂತು ಕಾಗದ ಬರೆಸುತ್ತಿದ್ದಳು. ಮನೆಯೊಳಗೆ ಉರ್ದುವನ್ನೂ ಆಡುವವರೇ ಆದರೂ ಶಾಬುದ್ದೀನ ಕಲಿತದ್ದು ಕನ್ನಡ ಶಾಲೆ, ಸುಗರಾಬಿಯದೂ ಅದೇ. ಹೀಗಾಗಿ ಕಾಗದದ ಭಾಷೆ ಕನ್ನಡ. ಹಲಗೇರಿಯ ರೈತರ ಮನೆಗಳ ನಡುವೆ ಬೆಳೆದ ಅಮೀರಬಿಗಂತೂ ಉರ್ದುವಿಗಿಂತ ಕನ್ನಡವೇ ನಾಲಿಗೆಗೆ ಹತ್ತಿರ.

“ಏನ್ ಬರೀಲಿ ಭಾಬಿ?”

“ಎಲ್ಲಾರೂ ಅರಾಮ ಅದೀವಿ ಅಂತ ಬರಿ. ಅಮ್ಮನ ಮೊಣಕಾಲ ನೋವು ಹಂಗ ಐತಿ. ಮತ್ತ, ಅವರು ಬಿಟ್ಟು ಹೋದ ಚಪ್ಪಲಿ ಬಾಗಲದಾಗ ಬಿದ್ದಾವು, ದಾದಾಪೀರ ಕೇಳಾಕತ್ತಾನ, ಕೊಡ್ಲೇನು ಅಂತ ಕೇಳು.”

ದಾದಾಪೀರ ಎಂದರೆ ಶಾಬುದ್ದೀನನ ತಮ್ಮ. ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗುವ ಕೆಲಸ ಅವನದು.

“ಅಷ್ಟನ?”

“ಮತ್ತೇನು? ಲಗೂ ಬರ್ರಿ ಅಂತ ಬರಿ. ನಿನಗ ತಿಳೀತೈತಲ್ಲ, ಚಂದಂಗ ಬರಿ.”

ಸುಗರಾಬಿ ಬಾಗಿಲ ಕಡೆ ನೋಡಿದಳು. ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತು. ಅದರ ಮೇಲೆ ಧೂಳು, ಧೂಳಿನಲ್ಲಿ ಎರಡು ಮೆಣಸಿನಬೀಜ. ಬರೆದು ಮುಗಿಸಿ ಓದಿ ಹೇಳಿದಳು:

‘ನೀವು ಬಿಟ್ಟು ಹೋದ ಚಪ್ಪಲಿ ಬಾಗಿಲಲ್ಲೇ ಇವೆ. ಮನೆಯಲ್ಲಿ ಯಜಮಾನರಿದ್ದಾರೆ ಎಂದು ಬಂದವರು ತಿಳಿಯಲಿ ಅಂತಲ್ಲ. ಹಾಗೆಂದು ನಾನು ತಿಳಿಯಲಿ ಅಂತ.’

ಅಮೀರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಯವ್ವಾ! ಇದನ್ನ ನಾ ಯಾವಾಗ ಅಂದೆ?”

“ಅಂದ್ರಲ್ಲ, ಚಪ್ಪಲಿ ಬಾಗಲದಾಗ ಅದಾವು ಅಂತ.”

“ಭಾಳ ಶಾಣ್ಯಾಕಿ ಅದಿ ಬಿಡು.” ಆಮೇಲೆ ಕೆಳಗೆ ನೋಡುತ್ತ ಹೇಳಿದಳು, “ಹಂಗ ಇರ್ಲಿ. ಆದ್ರ ಕಡೀಗೆ ನಿನ್ನ ಹೆಸರು ಬರೀತೀಯಲ್ಲ, ಅದೊಂದು ಬ್ಯಾಡ. ಇಂಥಾ ಮಾತಿನ ಬುಡಕ ಮೂರನೇದವರ ಹೆಸರಿದ್ರ ಅವರಿಗೂ ನಾಚಿಕಿ ಬರ್ತೈತಿ.”

ಸುಗರಾಬಿ ಹೂಂ ಎಂದಳು. ಹೆಸರಿಲ್ಲದೆ ಲಕೋಟೆ ಅಂಟಿಸಿದಳು. ನೀರು ಕುಡಿದು ಮನೆಗೆ ಬಂದಳು.

ಅದಕ್ಕೆ ಉತ್ತರವಾಗಿ ಕಾಗದ ಬರಲಿಲ್ಲ. ಸುಗ್ಗಿ ಶುರುವಾಗುವ ಹೊತ್ತಿಗೆ ಹಾವೇರಿಯ ಶಮಶೇರಸಾಬ ಎಂಬುವನು ರಜೆಯ ಮೇಲೆ ಸೌದಿಯಿಂದ ಬಂದ. ಅವನ ಕೈಯಲ್ಲಿ ಶಾಬುದ್ದೀನ ಒಂದು ಟೇಪ್‌ರೆಕಾರ್ಡರ್, ಒಂದು ಕ್ಯಾಸೆಟ್ ಕಳಿಸಿದ್ದ. ದಾದಾಪೀರ ಹಾವೇರಿಗೆ ಹೋಗಿ, ಮಡಿಲಕೂಸಿನಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಅರ್ಧ ಓಣಿ ಬಿಸ್ಮಿಲ್ಲಾಬಿಯ ಪಡಸಾಲೆಯಲ್ಲಿ ಕೂತಿತು. ಗುಂಡಿ ಒತ್ತಿದ ಕೂಡಲೇ ಶಾಬುದ್ದೀನ ಕೆಮ್ಮಿದ.

“ಅವ್ನೌನ, ನಮ್ಮ ಶಾಬೂನ ಕೆಮ್ಮು ನೋಡ್ರಿ! ಅಲ್ಲಿ ಹೋದ್ರೂ ಬೀಡಿ ಬಿಟ್ಟಿಲ್ಲ,” ಎಂದಳು ಪಕ್ಕದ ಮನೆಯ ಭರಮವ್ವ. ಎಲ್ಲರೂ ನಕ್ಕರು. ಬಿಸ್ಮಿಲ್ಲಾಬಿ ಮಾತ್ರ ಅಳುತ್ತಿದ್ದಳು. ಯಂತ್ರ ತಾಯಿಯ ಮೊಣಕಾಲು ಕೇಳಿತು, ತಮ್ಮನಿಗೆ ಬುದ್ಧಿ ಹೇಳಿತು, ಭರಮವ್ವನ ಎಮ್ಮೆ ಕರು ಹಾಕಿತೇ ಎಂದೂ ಕೇಳಿತು. ಕೊನೆಗೆ, “ಇನ್ನೊಂದು ಮಗ್ಗಲು ಅಮೀರಾಗ ಅಷ್ಟ. ಬ್ಯಾರೆದವರು ಕೇಳಬಾರ್ದು,” ಎಂದು ಸುಮ್ಮನಾಯಿತು.

“ಏಳ್ರಿ, ಎಲ್ಲಾರೂ ಏಳ್ರಿ! ಸಾಹೇಬ್ರು ಬಾಗಲಾ ಹಾಕ್ಕೊಳ್ಳಾಕತ್ತಾರ,” ಎಂದು ಭರಮವ್ವ ಕೂಗಿದಳು. ಹೆಂಗಸರು ಒಬ್ಬರನ್ನೊಬ್ಬರು ತಿವಿಯುತ್ತ ಎದ್ದರು. ಅಮೀರಬಿ ಯಂತ್ರವನ್ನೆತ್ತಿಕೊಂಡು ಒಳಗೆ ಹೋದಳು. ಸುಗರಾಬಿ ಎದ್ದು ನಿಂತವಳು ಒಂದು ಗಳಿಗೆ ಅಲ್ಲೇ ನಿಂತಳು, ಕರೆಯಬಹುದು ಎಂದು. ಒಳಗಿನಿಂದ ಚಿಲಕ ಬಿತ್ತು.

ಸಂಜೆ ಅಮೀರಬಿ ನೀರಿಗೆ ಬಂದಾಗ ಅವಳ ಬಲಗಿವಿ ಕೆಂಪಾಗಿತ್ತು. ಯಂತ್ರಕ್ಕೆ ಕಿವಿ ಒತ್ತಿ ಕೇಳಿದ್ದಾಳೆ ಎಂದು ಸುಗರಾಬಿಗೆ ತಿಳಿಯಿತು. ಮರುದಿನವೂ ಕೆಂಪಾಗಿತ್ತು, ಅದರ ಮರುದಿನವೂ. ಆ ಒಂದು ಕಿವಿಯನ್ನು ನೋಡಿದರೆ ಸಾಕು, ಸುಗರಾಬಿಯ ಹೊಟ್ಟೆಯಲ್ಲಿ ಮೆಣಸಿನಕಾಯಿ ರಾಶಿಗೆ ಬೆಂಕಿ ಬಿದ್ದಂತಾಗುತ್ತಿತ್ತು. ಶಾಬುದ್ದೀನನ ಮೇಲೆ ಅವಳಿಗೆ ಏನೂ ಇರಲಿಲ್ಲ. ಆ ಮನುಷ್ಯ ಎದುರು ಬಂದರೆ ತಲೆ ತಗ್ಗಿಸಿ ಸರಿಯುತ್ತಿದ್ದವಳು ಅವಳು. ಆದರೆ ಆ ಮನೆಯ ಮಾತುಗಳು ಇಷ್ಟು ದಿನ ಅವಳ ಬಾಯಿಂದ ಹೋಗಿ ಅವಳ ಕಣ್ಣಿಗೆ ಬರುತ್ತಿದ್ದವು. ಈಗ ಅಂಚೆಯವನು ಬೆಲ್ಲು ಬಾರಿಸದೆ ಅವಳ ಮನೆ ದಾಟಿಕೊಂಡು ಹೋಗುತ್ತಿದ್ದ. ಅಕ್ಷರ ಬಾರದ ಅಮೀರಬಿಗೆ ಇನ್ನು ಯಾರೂ ಬೇಕಿರಲಿಲ್ಲ.

ಹದಿನೈದು ದಿನ ತಿರುಗಿಸಿ ತಿರುಗಿಸಿ ಕೇಳಿದ ಮೇಲೆ ಕ್ಯಾಸೆಟ್ಟಿನ ರೀಲು ಯಂತ್ರದೊಳಗೆ ಸಿಕ್ಕಿಕೊಂಡು ಹರಿಯಿತು. ಅಮೀರಬಿ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಓಡಿಬಂದಳು. ಮಗುವಿಗೆ ಜ್ವರ ಬಂದವರ ಮುಖ ಹಾಗಿರುತ್ತದೆ.

“ಸುಗರಾ, ನೀ ನಾಳೆ ರಾಣೆಬೆನ್ನೂರಿಗೆ ಹೊಂಟೀದಿ ಅಲ್ಲ? ಅಲ್ಲಿ ಕ್ಯಾಸೆಟ್ ಅಂಗಡ್ಯಾಗ ಇದನ್ನ ಕೂಡಿಸ್ಕೊಂಡು ಬಾ. ಅಮ್ಮಗ ಹೇಳಬ್ಯಾಡ, ನಾ ಕೆಡಿಸೀನಿ ಅಂತಾರ.”

“ತರ್ತೇನಿ ಕೊಡ್ರಿ ಭಾಬಿ.”

“ಎರಡನೇ ಮಗ್ಗಲ ಯಾರ ಮುಂದೂ ಹಚ್ಚಸಬ್ಯಾಡ. ನೀನೂ ಕೇಳಬ್ಯಾಡ, ನನ್ನ ಆಣಿ ಐತಿ.”

ನೀನೂ. ಆ ಮನೆಯ ಕಾಗದಗಳನ್ನೆಲ್ಲ ಓದಿ ನೀರು ಕುಡಿದವಳಿಗೆ ಆ ಒಂದು ಮಾತು ಮಾತ್ರ ಹೊಟ್ಟೆಗಿಳಿಯಲಿಲ್ಲ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಫಕ್ಕೀರೇಶ ಎಂಬುವನ ರೆಕಾರ್ಡಿಂಗ್ ಅಂಗಡಿ. ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದ. ಎರಡು ಕ್ಯಾಸೆಟ್ ಒಟ್ಟಿಗೆ ಹಿಡಿಸುವ ಅವನ ಯಂತ್ರದ ಮುಂದೆ ಲಾರಿ ಡ್ರೈವರುಗಳು, ಖಾಸಗಿ ಬಸ್ಸಿನವರು, ಚಹದಂಗಡಿಯವರು ಸಾಲಾಗಿ ನಿಂತಿರುತ್ತಿದ್ದರು. ಸುಗರಾಬಿ ಹೋದಾಗ ಮಧ್ಯಾಹ್ನ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ತುಂಡಾದ ರೀಲನ್ನು ಅಂಟುಪಟ್ಟಿಯಿಂದ ಕೂಡಿಸುತ್ತ ಅವನು ತನ್ನಷ್ಟಕ್ಕೇ ಮಾತಾಡುತ್ತಿದ್ದ.

“ನಮ್ಮ ಕ್ಯಾಸೆಟ್ಟಿನ್ಯಾಗ ಒಂದ ಮಿನಿಟೂ ಸುಮ್ಮನ ಓಡಂಗಿಲ್ಲ ನೋಡವಾ. ಬ್ಯಾರೆದವರು ಹಾಡು ಮುಗದ ಮ್ಯಾಲೆ ಖಾಲಿ ಬಿಡ್ತಾರ. ನಾ ಏನರೆ ತುಂಬತೇನಿ. ಒಂದು ನಗಿ ಮಾತು, ರೈಲಿನ ಸೀಟಿ, ಏನಿಲ್ಲಂದ್ರ ನಮ್ಮ ಅಂಗಡಿ ಹೆಸರು. ಅದಕ್ಕ ಹಾವೇರಿತನಕ ಮಂದಿ ನಮ್ಮ ಮಾಲ ಕೇಳ್ತಾರ.” ಕ್ಯಾಸೆಟ್ಟನ್ನು ಯಂತ್ರದೊಳಗಿಟ್ಟ. “ಯಾವ ಮಗ್ಗಲ ಹಚ್ಚಲಿ? ಕೂಡೇತೋ ಇಲ್ಲೋ ನೋಡಬೇಕಲ್ಲ.”

ಮೊದಲನೆಯದು ಎಂದರೆ ಸಾಕಾಗಿತ್ತು. ಸುಗರಾಬಿ ಬೀದಿಯ ಕಡೆ ಒಮ್ಮೆ ನೋಡಿದಳು.

“ಎರಡನೇದು,” ಎಂದಳು.

ಶಾಬುದ್ದೀನನ ದನಿ ಬಂತು. ಓಣಿಯ ಮುಂದೆ ಮಾತಾಡಿದ ದನಿಯಲ್ಲ. ಮೆಲ್ಲಗೆ, ಹತ್ತಿರ ಕೂತು ಹೇಳುವಂಥದು. ಉರ್ದುವಿನಲ್ಲೇ ಮಾತಾಡುತ್ತಿದ್ದ. ಕೋಣೆಯಲ್ಲಿ ಎಂಟು ಮಂದಿ ಇದ್ದೇವೆ, ಅವರು ನಮಾಜಿಗೆ ಹೋದಾಗ ಇದನ್ನು ತುಂಬುತ್ತಿದ್ದೇನೆ ಎಂದ. ನಿನ್ನ ಕಾಗದ ಬಂದ ದಿನ ಊಟ ಮಾಡಲಿಲ್ಲ ಎಂದ. ಆಮೇಲೆ, ಆ ಉರ್ದುವಿನ ನಡುವೆ, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಕನ್ನಡದಲ್ಲಿ ಹೇಳಿದ: ‘ನೀವು ಬಿಟ್ಟು ಹೋದ ಚಪ್ಪಲಿ ಬಾಗಿಲಲ್ಲೇ ಇವೆ…’ ಕೊನೆಯವರೆಗೂ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ. “ಅಮೀರಾ, ಯೇ ತೇರೀ ಬಾತ್ ಹೈ,” ಇದು ನಿನ್ನದೇ ಮಾತು, ಎಂದ. ಸುಗರಾಬಿ ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದುಕೊಂಡಳು. ಅವನು ಮುಂದುವರಿದ: ಬರೆಯುವ ಹುಡುಗಿ ಅಕ್ಷರ ಇಡುತ್ತಾಳೆ ಅಷ್ಟೆ, ಮಾತು ನಿನ್ನದೆಂದು ನನಗೆ ಗೊತ್ತಾಗುವುದಿಲ್ಲವೇ. ಇನ್ನು ಮೇಲೆ ಅವಳನ್ನು ನಡುವೆ ತರಬೇಡ, ಇದೇ ಯಂತ್ರದಲ್ಲಿ ನೀನೇ ಬಾಯಿಬಿಟ್ಟು ಹೇಳು, ಎಂದ.

“ಚಪ್ಪಲಿ ಮಾತು ಚಲೋ ಐತೆಲ್ಲ!” ಎಂದು ಫಕ್ಕೀರೇಶ ನಕ್ಕ. “ಯಾರ ಹೇಳಿದ್ದು?”

ಸುಗರಾಬಿ ಯಂತ್ರವನ್ನೇ ನೋಡಿದಳು. ಅಮೀರಬಿ ದಿನಾ ಬಾಗಿಲು ಹಾಕಿಕೊಂಡು ಕೇಳುತ್ತಿದ್ದದ್ದು ಇದನ್ನು. ಆ ಸಾಲು ತನ್ನದಲ್ಲ ಎಂದು ಅಮೀರಬಿಗೆ ಗೊತ್ತು. ಆದರೂ ಒಂದು ದಿನ ಬಂದು, ‘ಸುಗರಾ, ನಿನ್ನ ಮಾತು ಅವರ ಮನಸ್ಸಿಗೆ ಹತ್ತೈತಿ ನೋಡು’ ಅಂತ ಹೇಳಲಿಲ್ಲ. ನೀನೂ ಕೇಳಬ್ಯಾಡ ಎಂದಳು.

“ಅಣ್ಣಾರ, ಇದರದೊಂದು ಕಾಪಿ ಮಾಡಿ ಕೊಡ್ರಿ,” ಎಂದಳು. “ಈ ಮಗ್ಗಲದ್ದಷ್ಟ.”

ಹೊಸ ಕ್ಯಾಸೆಟ್ಟು ಮನೆಗೆ ಬಂದು ಟ್ರಂಕಿನ ತಳದಲ್ಲಿ, ತಂದೆಯ ಟೋಪಿಯ ಕೆಳಗೆ ಕೂತಿತು. ಅದನ್ನು ಕೇಳಲು ಅವಳ ಹತ್ತಿರ ಯಂತ್ರವೇ ಇರಲಿಲ್ಲ. ತಾಯಿ ಹೊರಗೆ ಹೋದಾಗ ತೆಗೆದು, ಪೆನ್ಸಿಲ್ಲು ತೂರಿಸಿ ಗಾಲಿ ತಿರುಗಿಸುತ್ತಿದ್ದಳು. ಕಂದು ಬಣ್ಣದ ಪಟ್ಟಿ ಇಷ್ಟಿಷ್ಟೇ ಸರಿಯುತ್ತಿತ್ತು. ತನ್ನ ಮಾತು ಇದರಲ್ಲಿ ಎಲ್ಲಿರಬಹುದು, ಇಲ್ಲಿಯೋ ಇಲ್ಲಿಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಮೀರಬಿಗೆ ಅವಳ ಕ್ಯಾಸೆಟ್ಟು ಮುಟ್ಟಿಸಿದ ದಿನ ನೀರು ಕೊಡಬಂದಾಗ ಮಾತ್ರ, “ಬಾಯಾರಿಕಿಲ್ಲ ಭಾಬಿ,” ಎಂದು ಹೊರಬಿದ್ದಿದ್ದಳು.

ತಿಂಗಳು ಕಳೆದಿರಬೇಕು. ಲಂಗಗಳನ್ನು ಕೊಟ್ಟು ರಾಣೆಬೆನ್ನೂರಿನಿಂದ ಖಾಸಗಿ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ಸು ತುಂಬಿತ್ತು, ಹಾಡು ಜೋರಾಗಿತ್ತು. ಮುಂದಿನ ಬಾಗಿಲ ಹತ್ತಿರ ದಾದಾಪೀರ ನಿಂತಿದ್ದ; ಅವಳನ್ನು ಅವನು ನೋಡಿರಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಹಾಡು ಮುಗಿಯಿತು. ರೈಲು ಸೀಟಿ ಹೊಡೆಯಿತು. ಅದರ ಹಿಂದೆಯೇ ಬಂತು: ‘ನೀವು ಬಿಟ್ಟು ಹೋದ ಚಪ್ಪಲಿ ಬಾಗಿಲಲ್ಲೇ ಇವೆ…’

ಸುಗರಾಬಿಗೆ ಮೊದಲು ಆದದ್ದು ಭಯವಲ್ಲ, ಹಿಗ್ಗು. ಅದನ್ನು ಅವಳು ಆಮೇಲೆ ಎಷ್ಟು ಮುಚ್ಚಿಕೊಂಡರೂ ಸುಳ್ಳಾಗಲಿಲ್ಲ. ಐವತ್ತು ಮಂದಿ ತಲೆಯೆತ್ತಿ ಅವಳ ಮಾತು ಕೇಳುತ್ತಿದ್ದರು. ಕಿಟಕಿಯ ಹತ್ತಿರ ಕೂತಿದ್ದ ಮುದುಕಿಯೊಬ್ಬಳು, “ಪಾಪ, ಯಾವಾಕಿನೋ,” ಎಂದಳು. ಅಷ್ಟರಲ್ಲಿ, “ಅಮೀರಾ, ಯೇ ತೇರೀ ಬಾತ್ ಹೈ,” ಎಂದು ಬಸ್ಸು ತುಂಬ ಆ ಹೆಸರು ಕೇಳಿತು.

“ಕಂಡಕ್ಟರ್ರ, ಯಾರದರೀ ಚಪ್ಪಲಿ?” ಹಿಂದಿನಿಂದ ಒಬ್ಬ ಕೂಗಿದ.

“ಅಮೀರಾನ ಬಾಗಲದಾಗ ಅದಾವಂತ. ಬೇಕಾದ್ರ ಇಳಕೊಂಡು ಹೋಗಿ ಮೆಟ್ಟಿಕೊಂಡ್ ಬಾ!”

“ನನ್ನ ಅಳತಿಗೆ ಬರ್ತಾವೇನು ಕೇಳ್ರಿ ಮತ್ತ!”

ಬಸ್ಸು ಬಿದ್ದು ಬಿದ್ದು ನಕ್ಕಿತು. ದಾದಾಪೀರನ ಕುತ್ತಿಗೆ ಹಿಂದಿನಿಂದ ಕೆಂಪಾಗುತ್ತ ಹೋದದ್ದನ್ನು ಸುಗರಾಬಿ ನೋಡಿದಳು. ತನ್ನ ಅಣ್ಣನ ದನಿ ಅವನಿಗೆ ತಿಳಿಯದೇ ಇರುತ್ತದೆಯೇ.

ಅಂದು ಸಂಜೆ ಎದುರು ಮನೆಯ ಗದ್ದಲ ಕೇಳಲು ಅವಳು ಕಿವಿ ಚಾಚಬೇಕಾಗಲಿಲ್ಲ.

“ಯಾರಿಗೆ ಕೊಟ್ಟಿದ್ದಿ ಹೇಳು!” ಬಿಸ್ಮಿಲ್ಲಾಬಿ ಕೂಗುತ್ತಿದ್ದಳು. “ಗಂಡನ ಮಾತು ಬಸ್ಸಿನ್ಯಾಗ ಹಚ್ಚಾಕತ್ತಾರಂದ್ರ ನೀನ ಗೆಳತ್ಯಾರ ಮುಂದ ಮೆರಿಯಾಕ ಕೊಟ್ಟಿರಬೇಕು!”

“ಇಲ್ಲ ಅಮ್ಮಾ, ಕುರಾನದಾಣಿ. ರೀಲು ಹರದಿತ್ತು, ಅಂಗಡಿಗೆ ಕೂಡಸಾಕ ಕಳಿಸಿದ್ದೆ. ಅಂಗಡಿಯಾಂವ ಮಾಡ್ಯಾನ.”

“ನನಗ ಹೇಳಲಾರದ ಕಳಿಸಿದ್ದಿ! ಇನ್ನೂ ಏನೇನು ಹೇಳಲಾರದ ಮಾಡೀದಿ?”

ದಾದಾಪೀರ ತೀರ್ಮಾನ ಹೇಳಿದ. ಶಮಶೇರಸಾಬ ಈ ಶುಕ್ರವಾರ ಸೌದಿಗೆ ವಾಪಸು ಹೊರಡುತ್ತಾನೆ. ನಡೆದದ್ದನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿ ಅವನ ಕೈಯಲ್ಲಿ ಅಣ್ಣನಿಗೆ ಕಳಿಸುವುದು. ಅಣ್ಣನ ಉತ್ತರ ಬರುವವರೆಗೆ ಭಾಬಿ ಹಲಗೇರಿಯ ತವರಲ್ಲಿರಲಿ. ಉತ್ತರ ಏನು ಬರುತ್ತದೋ ಆ ಪ್ರಕಾರ.

ಅಮೀರಬಿ ಸುಗರಾಬಿಯ ಹೆಸರು ಹೇಳಲಿಲ್ಲ. ಅವಳಿಗೆ ಸಂಶಯವೇ ಬಂದಿರಲಿಲ್ಲ. ಬಾಗಿಲ ಹಿಂದೆ ನಿಂತ ಸುಗರಾಬಿಗೆ ಅದೂ ಸಿಟ್ಟು ತರಿಸಿತು. ಸಂಶಯ ಪಡುವಷ್ಟೂ ತಾನು ಲೆಕ್ಕಕ್ಕಿಲ್ಲವೇ? ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂತು: ಯಂತ್ರ ಪೆಟ್ಟಿಗೆ ಸೇರಿದರೆ ಮತ್ತೆ ಕಾಗದ ಶುರುವಾಗುತ್ತದೆ. ಮತ್ತೆ ಅಂಚೆಯವನು ಕಾಲೂರಿ ನಿಲ್ಲುತ್ತಾನೆ. ಆ ವಿಚಾರ ಎಷ್ಟು ಸಿಹಿಯಾಗಿ ಬಂತೆಂದರೆ ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಎದುರು ಮನೆಯ ಜಗಲಿಯಲ್ಲಿ ಅಮೀರಬಿ ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದಳು. ಕಿವಿ ಈಗ ಕೆಂಪಾಗಿರಲಿಲ್ಲ.

ಮರುದಿನ ಬೆಳಗ್ಗೆ ಕೊಡಬೇಕಾದ ಲಂಗ ಒಂದೂ ಇರಲಿಲ್ಲ. ಆದರೂ ಅವಳು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

“ಬಾರವಾ ಬಾ!” ಫಕ್ಕೀರೇಶ ಹಿಗ್ಗಿನಿಂದ ಕರೆದ. “ನಿನ್ನ ಚಪ್ಪಲಿ ಮಾತು ಓಡಾಕತ್ತೈತಿ! ಡ್ರೈವರ್‌ಗೋಳು ಅದಿದ್ದದ್ದ ಬೇಕು ಅಂತಾರ.”

“ಅದನ್ನ ತಗದು ಹಾಕ್ರಿ ಅಣ್ಣಾರ.”

“ಎಲ್ಲಿಂದ ತಗೀಲಿ? ನಲವತ್ತು ಐವತ್ತು ಹೋದ್ವು. ಹರಿಹರಕ್ಕೊಂದು, ಹುಬ್ಬಳ್ಳಿಗೊಂದು. ಅವರಿಂದ ಇನ್ನ್ಯಾರು ಮಾಡಿಸ್ಕೊಂಡಾರೋ. ಹಂಚಿದ ಸಕ್ಕರಿ ತಿರುಗಿ ಆರಿಸಾಕ ಬರ್ತೈತೇನು?”

“ನೀವು ಕೇಳಲಾರದ ಮಾಡಿದ್ರಿ. ಅದು ನಿಮ್ಮದಲ್ಲ.”

ಅವನಿಗೆ ಮಜಾ ಎನಿಸಿತು. ಕುರ್ಚಿ ಎಳೆದುಕೊಂಡು ಕೂತ. “ಹಂಗಾರ ಯಾರದು, ನೀನ ಹೇಳು. ದನಿ ಆ ಮನಿಷ್ಯಾಂದು. ಹೇಳಿದ್ದು ಹೇಣ್ತಿಗೆ. ಯಂತ್ರ ನಂದು. ಕಾಪಿ ಮಾಡ್ರಿ ಅಂದಾಕಿ ನೀನು, ಆವಾಗ ನೀ ಯಾರನ್ನ ಕೇಳಿದ್ದಿ? ಇದರಾಗ ನಿಂದೇನೈತಿ?”

“ಮಾತು ನಂದು.”

ಹೇಳಿದ ಮೇಲೆ ಅವಳಿಗೇ ಬೆಚ್ಚಿದಂತಾಯಿತು. ಅಷ್ಟು ದೊಡ್ಡ ದನಿಯಲ್ಲಿ ಅವಳು ಗಂಡಸರ ಮುಂದೆ ಯಾವತ್ತೂ ಮಾತಾಡಿರಲಿಲ್ಲ. “ಆ ಚಪ್ಪಲಿ ಮಾತು ಬರದಾಕಿ ನಾನು. ಅಕಿ ಅಲ್ಲ.”

ಫಕ್ಕೀರೇಶ ಅವಳನ್ನು ಮೇಲಿಂದ ಕೆಳಗೆ ನೋಡಿದ. ನಗು ನಿಂತಿತ್ತು. “ಖರೇನ? ಹಂಗಾರ ಒಂದ ಕೆಲಸ ಮಾಡು. ಇಂಥಾವು ಇನ್ನೊಂದಿಷ್ಟು ಬರಕೊಂಡ ಬಾ. ನಾನ ಓದಿ ತುಂಬತೇನಿ. ಬುಡಕ ಹೇಳೂಣು, ‘ಮಾತು: ಸುಗರಾಬಿ, ಬ್ಯಾಡಗಿ’ ಅಂತ. ಒಪ್ಪಿಗಿ ಏನು?”

ಸುಗರಾಬಿ, ಬ್ಯಾಡಗಿ. ಹರಿಹರದ ಲಾರಿಯಲ್ಲಿ, ಹುಬ್ಬಳ್ಳಿಯ ಚಹದಂಗಡಿಯಲ್ಲಿ, ಮೋಟೆಬೆನ್ನೂರು ದಾಟುವಾಗ ಬಸ್ಸು ತುಂಬ. ಅವಳು ಆ ಹೆಸರನ್ನು ಕೇಳುತ್ತ ಎಷ್ಟು ಹೊತ್ತು ನಿಂತಳೋ, ಅವನು ಕೆಮ್ಮಿದಾಗ ಎಚ್ಚರವಾಯಿತು.

“ಅಮೀರಾ ಭಾಬೀನ್ನ ನಾಡದು ತವರಿಗೆ ಕಳಸಾಕತ್ತಾರ,” ಎಂದಳು. “ಈ ಮಾತಿಂದ. ಗಂಡ ತಿರುಗಿ ಕರಕೊಳ್ತಾನೋ ಇಲ್ಲೋ ಗೊತ್ತಿಲ್ಲ.”

ಫಕ್ಕೀರೇಶ ಎದ್ದು ಕಪಾಟಿನಿಂದ ತಾನು ಕಾಪಿ ಮಾಡಿ ಇಟ್ಟುಕೊಂಡಿದ್ದ ಕ್ಯಾಸೆಟ್ಟು ತೆಗೆದು ಅವಳ ಮುಂದಿಟ್ಟ. “ನನಗೂ ಮನ್ಯಾಗ ತಂಗಿ ಅದಾಳವಾ. ಇಷ್ಟಾಗ್ತೈತಿ ಅಂದ್ಕೊಂಡಿದ್ದಿಲ್ಲ. ಇನ್ನ ಮ್ಯಾಲೆ ಇದನ್ನ ಹಾಕಂಗಿಲ್ಲ. ಹೋದವಕ್ಕ ಮಾತ್ರ ನಾ ಏನೂ ಮಾಡಾಕ ಬರಂಗಿಲ್ಲ.”

ಗುರುವಾರ ಮಧ್ಯಾಹ್ನ ಬಿಸ್ಮಿಲ್ಲಾಬಿಯ ಪಡಸಾಲೆಯಲ್ಲಿ ಯಂತ್ರ ಹೊರಬಂದಿತ್ತು. ದಾದಾಪೀರ ಖಾಲಿ ಕ್ಯಾಸೆಟ್ಟು ಹಾಕುತ್ತಿದ್ದ. ಮೂಲೆಯಲ್ಲಿ ಅಮೀರಬಿಯ ಬಟ್ಟೆಯ ಗಂಟು. ಸುಗರಾಬಿ ಒಳಗೆ ಬಂದು, ತನ್ನದೊಂದು, ಫಕ್ಕೀರೇಶ ಕೊಟ್ಟದ್ದೊಂದು, ಎರಡು ಕ್ಯಾಸೆಟ್ಟುಗಳನ್ನು ಯಂತ್ರದ ಪಕ್ಕದಲ್ಲಿಟ್ಟಳು.

“ಅಂಗಡಿಗೆ ಒಯ್ದಾಕಿ ನಾನು, ಖಾಲಾ. ಭಾಬಿ ಆಣಿ ಹಾಕಿ ಕೊಟ್ಟಿದ್ರು. ಎರಡನೇ ಮಗ್ಗಲ ನಾ ಹಚ್ಚಿಸಿ ಕೇಳಿದೆ. ಕಾಪಿ ಮಾಡ್ಸಿದೆ. ಅಂಗಡಿಯಾಂವ ಅದನ್ನ ನೋಡಿ ತಾನೂ ಒಂದು ಇಟ್ಕೊಂಡ. ಭಾಬಿಗೆ ಇದು ಯಾವುದೂ ಗೊತ್ತಿಲ್ಲ.”

ಅಮೀರಬಿ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದಳು.

“ಯಾಕ?” ಎಂದಳು ಬಿಸ್ಮಿಲ್ಲಾಬಿ. “ಇನ್ನೊಬ್ಬರ ಗಂಡ ಹೇಣ್ತಿ ಮಾತು ನಿನಗ್ಯಾಕ ಬೇಕಿತ್ತು?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ನಿನ್ನೆ ಫಕ್ಕೀರೇಶನ ಮುಂದೆ ಹೇಳಿದ ಎರಡೇ ಶಬ್ದ. ಹೇಳಿದ್ದರೆ ಅವಳ ಕಳವಿಗೆ ಒಂದು ನ್ಯಾಯ ಸಿಗುತ್ತಿತ್ತು. ಆಗ ಅಮೀರಬಿಯ ಮುಖದಲ್ಲಿ ಒಂದು ಹೆದರಿಕೆ ಬಂದದ್ದನ್ನು ಅವಳು ನೋಡಿದಳು. ತವರಿಗೆ ಕಳಿಸುತ್ತೇವೆ ಎಂದಾಗಲೂ ಅಂಥ ಹೆದರಿಕೆ ಆ ಮುಖದಲ್ಲಿ ಇರಲಿಲ್ಲ. ಹೇಳಬ್ಯಾಡ ಎಂದು ಅವಳು ತುಟಿ ಸಹ ಅಲುಗಿಸಲಿಲ್ಲ. ಕೇಳಿಕೊಳ್ಳುವ ಧೈರ್ಯವೂ ಇಲ್ಲದವಳಂತೆ ಸುಮ್ಮನೆ ನೋಡಿದಳು. ದೂರದಲ್ಲಿ ಎಂಟು ಮಂದಿಯ ಕೋಣೆಯಲ್ಲಿ ಒಬ್ಬ ಮನುಷ್ಯ ಊಟ ಬಿಟ್ಟು ಬಾಯಿಪಾಠ ಮಾಡಿದ್ದು ಆ ಮಾತು ಅಮೀರಬಿಯದೆಂದೇ.

“ಹೊಟ್ಟಿಕಿಚ್ಚು, ಖಾಲಾ,” ಎಂದಳು ಸುಗರಾಬಿ. “ಅಕಿಗೆ ಹೇಳುವಂಥಾ ಮಾತು ನನಗ ಯಾರೂ ಹೇಳಂಗಿಲ್ಲಲ್ಲ ಅಂತ.”

ಬಿಸ್ಮಿಲ್ಲಾಬಿ ಬಾಯಿಗೆ ಸೆರಗು ಹಚ್ಚಿದಳು. “ಯಾ ಅಲ್ಲಾ! ಹುಸೇನಬಿಗೆ ಮೊದಲ ಹೇಳಿದ್ದೆ, ಮಗಳಿಗೆ ಲಗೂ ಒಂದು ಗಂಡು ನೋಡು ಅಂತ.” ದಾದಾಪೀರ ಬೇರೆ ಕಡೆ ಮುಖ ತಿರುಗಿಸಿದ. ಸಂಜೆಯೊಳಗೆ ಈ ಮಾತು ಭರಮವ್ವನಿಗೆ, ಭರಮವ್ವನಿಂದ ತೊಟ್ಟು ಬಿಡಿಸುವ ಹೆಂಗಸರ ಸಾಲಿಗೆ ಮುಟ್ಟುತ್ತದೆ ಎಂದು ಸುಗರಾಬಿಗೆ ಗೊತ್ತಿತ್ತು. ಮದುವೆಯಾಗದ ಹುಡುಗಿ, ಇನ್ನೊಬ್ಬರ ಗಂಡನ ದನಿ ಕದ್ದು ಕೇಳಿದವಳು. ಇನ್ನು ಯಾವ ಮನೆಯವರೂ ಅವಳ ಮುಂದೆ ಕಾಗದ ಬಿಚ್ಚುವುದಿಲ್ಲ.

“ಇದನ್ನ ಇದರಾಗ ಹೇಳು,” ಎಂದು ದಾದಾಪೀರ ಕೆಂಪು ಗುಂಡಿ ಒತ್ತಿದ. “ಅಣ್ಣ ನಿನ್ನ ಬಾಯಿಂದನ ಕೇಳ್ಲಿ.”

ಗಾಲಿಗಳು ತಿರುಗತೊಡಗಿದವು. ಸುಗರಾಬಿ ಯಂತ್ರದ ಮುಂದೆ ಮೊಣಕಾಲೂರಿ ಕೂತಳು. ಅಂಗಡಿಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ, ಮೆಲ್ಲಗೆ ಹೇಳಿದಳು. ಅಮೀರಾ ಭಾಬಿಯ ತಪ್ಪು ಒಂದೂ ಇಲ್ಲ ಎಂದಳು. ಮುಗಿಯಿತು ಅಂದುಕೊಂಡು ದಾದಾಪೀರ ಕೈ ಚಾಚಿದ. ಆದರೆ ಅವಳು ಇನ್ನೊಂದು ಸಾಲು ಸೇರಿಸಿದಳು.

“ಇದನ್ನು ಹೇಳಿದವಳು ಸುಗರಾಬಿ. ನಿಮಗೆ ನನ್ನ ಸಲಾಮು.”

ಗುಂಡಿ ಟಕ್ಕೆಂದು ಮೇಲೆದ್ದಿತು. ಬಿಸ್ಮಿಲ್ಲಾಬಿ ಬಟ್ಟೆಯ ಗಂಟನ್ನು ಕಾಲಿಂದ ಒಳಗೆ ಸರಿಸಿದಳು. ಹೋಗು ಎಂದೂ ಅನ್ನಲಿಲ್ಲ, ಕುಂದ್ರು ಎಂದೂ ಅನ್ನಲಿಲ್ಲ. ಸುಗರಾಬಿ ಎದ್ದಳು.

“ಒಂದ ಲೋಟ ನೀರು ಕೊಡ್ರಿ ಭಾಬಿ.”

ಅಮೀರಬಿ ತಂದುಕೊಟ್ಟಳು. ಲೋಟ ಕೊಡುವಾಗ ಅವಳ ಬೆರಳು ಸುಗರಾಬಿಯ ಬೆರಳ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತವು. ಸುಗರಾಬಿ ತಲೆಯೆತ್ತಿ ಪೂರ್ತಿ ಕುಡಿದಳು. ಇಷ್ಟು ಕಷ್ಟಪಟ್ಟು ಅವಳು ಯಾವತ್ತೂ ನೀರು ನುಂಗಿರಲಿಲ್ಲ.

ಹೊರಗೆ ಬಂದು ತನ್ನ ಚಪ್ಪಲಿ ಹುಡುಕಿದಳು. ಬಾಗಿಲ ಪಕ್ಕದಲ್ಲಿ ಶಾಬುದ್ದೀನನವು ಇದ್ದವು, ಜೋಡಿಯಾಗಿ, ತುದಿ ಮನೆಯೊಳಗಿನ ಕಡೆಗೆ ಮಾಡಿ, ಈಗ ತಾನೇ ಯಾರೋ ಬಿಟ್ಟು ಒಳಗೆ ಹೋದ ಹಾಗೆ. ಧೂಳಿರಲಿಲ್ಲ. ಕಿತ್ತಿದ್ದ ಪಟ್ಟಿಯನ್ನು ಕರಿ ದಾರದಿಂದ ಒತ್ತೊತ್ತಾಗಿ ಹೊಲಿದಿದ್ದರು. ಹೊಲಿಗೆ ಬಲ್ಲವರ ಕೈಯಲ್ಲ ಅದು. ಒಂದು ಕಡೆ ದಾರ ಗಂಟುಗಂಟಾಗಿತ್ತು. ದಿನಾ ಒರೆಸಿ ಒರೆಸಿ ಚರ್ಮಕ್ಕೆ ಹೊಳಪು ಬಂದಿತ್ತು.

ಸುಗರಾಬಿ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದಳು. ಆ ಸಾಲು ಬರೆದ ದಿನ ಅದು ಖರೆ ಇರಲಿಲ್ಲ; ಆಮೇಲೆ ಅಮೀರಬಿ ಅದನ್ನು ಖರೆ ಮಾಡಿದ್ದಳು. ಹೊಟ್ಟೆಯಲ್ಲಿ ಹೊಸದಾಗಿ ಏನೋ ಉರಿಯಿತು, ಮೊದಲಿಗಿಂತ ಆಳದಲ್ಲಿ. ಅವಳು ತನ್ನ ಚಪ್ಪಲಿ ಮೆಟ್ಟಿಕೊಂಡು, ಆ ಜೋಡಿಗೆ ತಾಗದಂತೆ ಸುತ್ತು ಬಳಸಿ ಓಣಿಗಿಳಿದಳು.